ಗಂಗಾಳ ತಾಳವಾದದ್ದು

ಅಂದು ತಗಡಿನ ಚಪ್ಪರದ ಕೆಳಗೆ ನಾವು ನಾಲ್ಕು ಮಂದಿ ಇದ್ದೆವು: ನನ್ನ ದೊಡ್ಡಪ್ಪ, ದೊಡ್ಡವ್ವ, ಪಕ್ಕದ ಮನೆಯ ಕಮ್ಮಾರ ಈರಣ್ಣ, ಮತ್ತು ಬನಹಟ್ಟಿಯಿಂದ ತವರಿಗೆ ಬಂದಿದ್ದ ನಾನು. ನಮ್ಮ ನಡುವೆ ಗೋಣಿಚೀಲದ ಮೇಲೆ ಎರಡು ಹಿತ್ತಾಳೆಯ ವಸ್ತುಗಳಿದ್ದವು. ಒಂದು ತಾಳ, ಡೊಳ್ಳಿನ ಪದಕ್ಕೆ ಹಿಡಿಯುವಂಥ ಗೇಣಗಲದ್ದು. ಇನ್ನೊಂದು ಗಂಗಾಳ, ಅಂಚು ಎತ್ತಿದ ಊಟದ ತಟ್ಟೆ. ಮುಂಜಾನೆ ಕೂತಾಗ ಇವೆರಡರ ನಡುವಿನ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು. ಸಂಜೆಗೆ ಅಷ್ಟಾಗಿ ಗೊತ್ತಿರಲಿಲ್ಲ. ಈಗ ಕೇಳಿದರೆ, ಸ್ವಲ್ಪ ಯೋಚಿಸಿ ಹೇಳಬೇಕಾಗುತ್ತದೆ.

ತಾಳ ಎಂದರೆ ಜೋಡಿ. ಒಂಟಿ ತಾಳ ಒಂಟಿ ಚಪ್ಪಲಿಯ ಹಾಗೆ. ಮೆಟ್ಟಲು ಬರುವುದಿಲ್ಲ, ಎಸೆಯಲು ಮನಸ್ಸಾಗುವುದಿಲ್ಲ. ನಮ್ಮ ಮನೆಯಲ್ಲಿ ಒಂಟಿ ತಾಳ ಉಳಿದದ್ದು ಊರು ಬಿಟ್ಟ ದಿನ. ಹಿನ್ನೀರು ಬರುತ್ತದೆ, ಬರುತ್ತದೆ ಎಂದು ವರ್ಷಗಟ್ಟಲೆ ಹೇಳಿ ಹೇಳಿ, ಇನ್ನು ಯಾರೂ ನಂಬುವುದಿಲ್ಲ ಎನ್ನುವ ಹೊತ್ತಿಗೆ ಅದು ನಿಜವಾಗಿಯೂ ಬಂತು. ಹೊಳೆದಂಡೆಯ ನಮ್ಮ ಊರು ಬೀಳಗಿ ತಾಲೂಕಿನಲ್ಲೇ ಒಂದು ಬೋಳು ದಿಬ್ಬವನ್ನು ಏರಿತು. ಸರಕಾರ ಅದನ್ನು ಪುನರ್ವಸತಿ ಕೇಂದ್ರ ಎಂದಿತು. ಜನ ಚಿಕ್ಕದಾಗಿ ಸೆಂಟರ್ ಎಂದರು. ತೊಲೆ, ಬಾಗಿಲು, ಜಂತಿ, ಕುರಿ, ಕೋಳಿ, ಕೊನೆಗೆ ಬೀರೇಶ್ವರ ದೇವರು ಕೂಡ ಟ್ರ್ಯಾಕ್ಟರ್ ಹತ್ತಿ ಬಂದರು. ಚೀಲ ಬಿಚ್ಚಿ ನೋಡಿದರೆ ತಾಳ ಒಂದೇ ಇತ್ತು. ಎಲ್ಲ ಚೀಲಗಳನ್ನೂ ಕೊಡವಿದರು. ಹಾಸಿಗೆಯ ಸುರುಳಿ ಬಿಚ್ಚಿದರು. ಮೇವಿನ ಹೊರೆಯಲ್ಲಿ ಕೈಯಾಡಿಸಿದರು. ಸಿಗಲಿಲ್ಲ. “ಟ್ರ್ಯಾಕ್ಟರಿನಾಗಿಂದ ಎಲ್ಲೋ ಉದುರಿರಬೇಕ್ರಿ,” ಎಂದಳು ದೊಡ್ಡವ್ವ. ಎಲ್ಲರೂ ಹಾಗೆಯೇ ನಂಬಿದರು.

ದೊಡ್ಡಪ್ಪ ಡೊಳ್ಳಿನ ಮೇಳದಲ್ಲಿ ಮುಂದೆ ನಿಂತು ಹಾಡುವವನು. ಡೊಳ್ಳು ಎಷ್ಟೇ ಗುಡುಗಲಿ, ಪದವನ್ನು ಕೈ ಹಿಡಿದು ನಡೆಸುವುದು ತಾಳ. ಅದು ಅವನ ಕೈಯಲ್ಲಿರುತ್ತಿತ್ತು. ತಾಳ ಹೋದ ದಿನದಿಂದ ಅವನು ಹಾಡುವುದನ್ನು ಬಿಟ್ಟುಬಿಟ್ಟ. ಮೇಳದವರು ಮಹಾಲಿಂಗಪುರದ ಪೇಟೆಯಿಂದ ಹೊಸ ಜೋಡಿ ತಂದುಕೊಟ್ಟರು. ಒಮ್ಮೆ ಕೂಡಿಸಿ ನೋಡಿ ತಿರುಗಿ ಕೊಟ್ಟ. “ಇದು ಭಜನಿ ತಾಳೋ ಮಾರಾಯಾ. ಡೊಳ್ಳಿನ ಮುಂದ ಇದರ ಮಾತ ಯಾರ ಕೇಳಬೇಕ?” ಹೊಸ ಗುಡಿಯಲ್ಲಿ ದೇವರನ್ನು ಕೂಡಿಸಿದ್ದಾಯಿತು, ಭಂಡಾರದ ಅರಿಶಿನ ಹಾರಿಸಿದ್ದಾಯಿತು, ಆದರೆ ಒಂದು ಪದ ಆಗಲಿಲ್ಲ. ದೊಡ್ಡಪ್ಪನಿಗೆ ಅದೇ ಕೊರಗು. ಮನೆಗೆ ಬಂದ ಬೀಗರನ್ನು ಕೂಡಿಸಿ ಕುಡಿಯಲು ನೀರು ಕೊಡದೆ ಬಿಟ್ಟ ಹಾಗಾಗಿದೆ ದೇವರ ಗತಿ, ಎನ್ನುತ್ತಿದ್ದ. ಹಾಗಾದರೆ ಹಾಡು ಎಂದರೆ ಆ ಒಂಟಿ ತಾಳದ ಕಡೆ ಕೈ ಮಾಡುತ್ತಿದ್ದ.

ದೊಡ್ಡವ್ವನ ಕೊರಗು ದೇವರದಲ್ಲ. ಅವಳು ನನ್ನನ್ನು ಒಳಗೆ ಕರೆದು, ದನಿ ತಗ್ಗಿಸಿ ಹೇಳಿದಳು: “ಮೈ ತೊಳಕೊಳ್ಳುಮುಂದ ಒಂದ ನುಡಿ, ಕುರಿ ಹೊಡಕೊಂಡ ಬರುಮುಂದ ಒಂದ ನುಡಿ. ಹಗಲೆಲ್ಲಾ ಗುಣುಗುಣು ಅಂತಿದ್ದ ಮನಷ್ಯಾ, ಯವ್ವಾ. ಬಾಯಿ ಮುಚ್ಚಲೇ ಅಂತ ಎಷ್ಟ ಸಲ ಮನಸಿನ್ಯಾಗ ಬೈದೀನಿ. ಈಗ ನೋಡ, ಮನ್ಯಾಗ ಗಂಡ ಅದಾನೋ ಕಂಬ ಐತೋ ತಿಳಿವಲ್ದು.” ಹೀಗೆಂದು ಪಾತ್ರೆಗಳ ಹಲಗೆಯಿಂದ ಗಂಗಾಳ ತೆಗೆದಳು. ಅವಳ ಮದುವೆಯಲ್ಲಿ ತವರಿನವರು ಕೊಟ್ಟದ್ದು. ಹಿಂಬದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ‘ಗೌರವ್ವ’ ಎಂದು ಹೆಸರು ಹಾಕಿದ್ದರು. ದೊಡ್ಡಪ್ಪ ಉಣ್ಣುತ್ತಿದ್ದದ್ದು ಅದರಲ್ಲೇ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅದರಲ್ಲಿ ಮುಖ ಕಾಣುತ್ತಿತ್ತು. ಸ್ವಲ್ಪ ಅಗಲವಾಗಿ ಕಾಣುತ್ತಿತ್ತು, ಅಷ್ಟೆ.

“ಇದನ್ನ ತಾಳ ಮಾಡ್ರಿ,” ಎಂದು ಹೊರಗೆ ತಂದಿಟ್ಟಳು.

ದೊಡ್ಡಪ್ಪ ಗಂಗಾಳ ನೋಡಿದ, ಅವಳನ್ನು ನೋಡಿದ. “ನಾ ಯಾತರಾಗ ಉಣ್ಣಲಿ?”

“ಸ್ಟೀಲಿನ ತಾಟ ಐತಲ್ರಿ. ಬಾಯಿ ಇದ್ದಾಂವ ಯಾತರಾಗ ಆದ್ರೂ ಉಣ್ತಾನ.”

ಇಲ್ಲಿ ನನ್ನ ಕಿವಿಯ ಬಗ್ಗೆ ನಾಲ್ಕು ಮಾತು ಹೇಳಬೇಕು, ಮುಂದೆ ಅದೇ ಪಂಚಾಯಿತಿಗೆ ಬರುತ್ತದೆ. ನನಗೆ ಮಾತು ಕಲಿಸಿದವಳು ದೊಡ್ಡವ್ವ. ಅವ್ವ ಹೊಲಕ್ಕೆ ಹೋದರೆ ನಾನು ಇವಳ ಸೆರಗಿನಲ್ಲಿ. ಅಡುಗೆಮನೆಯಲ್ಲಿ ಏನಾದರೂ ಬಿದ್ದರೆ ಅಂಗಳದಲ್ಲಿ ಕೂತೇ ಹೇಳುತ್ತಿದ್ದಳು: ಬಿದ್ದದ್ದು ತಂಬಿಗೆ, ನೀರಿತ್ತು, ಬಿದ್ದದ್ದು ಸೌಟು, ಬೆಕ್ಕು ಕೆಡವಿದೆ. ಅಂಥವಳ ಹತ್ತಿರ ಬೆಳೆದ ಕಿವಿ ನನ್ನದು. ಆಮೇಲೆ ಅದು ಬನಹಟ್ಟಿಗೆ ಹೋಯಿತು. ನಮ್ಮ ಬಾಡಿಗೆ ಮನೆಗೆ ಎಡಕ್ಕೂ ಪವರ್‌ಲೂಮ್, ಬಲಕ್ಕೂ ಪವರ್‌ಲೂಮ್. ಮೊದಲ ತಿಂಗಳು ಗಂಡನ ಮಾತು ಒಂದೂ ಕೇಳಿಸಲಿಲ್ಲ. ಸಂಸಾರ ಬಹಳ ಸುಖವಾಗಿತ್ತು. ಈಗ ಮಗ್ಗ ಓಡುತ್ತಿದ್ದರೆ ನಿದ್ದೆ, ಕರೆಂಟು ಹೋಗಿ ನಿಂತರೆ ಎಚ್ಚರ. ಕೂಸುಗಳು ಕೂಡ ಅಲ್ಲಿ ಸದ್ದಿಗೆ ಅಳುವುದಿಲ್ಲ, ಸದ್ದು ನಿಂತರೆ ಅಳುತ್ತವೆ. ಇಂಥ ಕಿವಿ ಸೂಕ್ಷ್ಮವಾದದ್ದೋ ಕೆಟ್ಟದ್ದೋ ನನಗೇ ಗೊತ್ತಿಲ್ಲ. ದೊಡ್ಡಪ್ಪ ಮಾತ್ರ, “ಮಗ್ಗದ ಊರಾಗ ಇರೂ ಕಿವಿ, ಎಳಿ ಹರಿದ್ರ ಗೊತ್ತಾಕ್ಕೈತಿ,” ಎಂದು ನನ್ನನ್ನು ನಾದದ ನ್ಯಾಯಾಧೀಶಳನ್ನಾಗಿ ಕೂಡಿಸಿಬಿಟ್ಟ.

ಕೆಲಸ ಈರಣ್ಣನದು. ಅವನು ಮೇಳದಲ್ಲಿ ಡೊಳ್ಳು ಹೊಡೆಯುತ್ತಾನೆ. ಉಳಿದ ಹೊತ್ತು ಕುಡಗೋಲು ತಟ್ಟುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಬಂಡಿಗಳು ಅವನ ಕುಲುಮೆಯ ಮುಂದೆ ನಿಂತು ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಸಿಕೊಂಡೇ ಮುಂದೆ ಸಾಗುತ್ತವೆ. ಹಿತ್ತಾಳೆಯ ಅನುಭವ ಉಂಟೇ ಎಂದು ನಾನು ಕೇಳಿದೆ. “ಲೋಹ ಅಂದ್ರ ಲೋಹ, ತಂಗೆವ್ವಾ. ಬಣ್ಣ ಬ್ಯಾರೆ ಅಷ್ಟ,” ಎಂದ. ಇದು ಎಲ್ಲೋ ಓದಿದ್ದಕ್ಕೆ ತಾಳೆಯಾಗಲಿಲ್ಲ. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ನಾದಕ್ಕೆ ಕಂಚೇ ಮೇಲು ಎಂದು ಬಲ್ಲವರು ಹೇಳುತ್ತಾರೆ. ವಾದ್ಯಗಳಲ್ಲಿ ತಂತಿಯವು, ಊದುವವು, ಚರ್ಮ ಬಿಗಿದವು, ಕೊನೆಗೆ ತಾಳ ಜಾಗಟೆಗಳಂಥ ಘನವಾದ್ಯಗಳು ಎಂದು ಶಾಸ್ತ್ರದವರು ವಿಂಗಡಿಸಿದ್ದಾರೆ. ಗಂಗಾಳವನ್ನು ಯಾವುದರಲ್ಲಿ ಸೇರಿಸಬೇಕೆಂದು ಅವರು ಹೇಳಿಲ್ಲ. ಇದನ್ನೆಲ್ಲ ನಾನು ಆ ದಿನ ಹೇಳಿದೆ ಕೂಡ. ಮೂವರೂ ಮರ್ಯಾದೆಯಿಂದ ಕೇಳಿ, ಗಂಗಾಳದ ಅಂಚು ಕತ್ತರಿಸಲು ಶುರು ಮಾಡಿದರು.

ಅಂಚು ಹೋಯಿತು. ಇನ್ನು ನಡುವೆ ಗುಬ್ಬಿ ಎಬ್ಬಿಸಬೇಕು, ಎಂದರೆ ಒಳಗಿನಿಂದ ಬಡಿದು ಹಿಂಬದಿಗೆ ಗುಮ್ಮಟದಂತೆ ಉಬ್ಬಿಸಬೇಕು. ಅದಕ್ಕೆ ಕೆಳಗೆ ಒಂದು ಕುಳಿ ಬೇಕು.

“ಒರಳ ಇದ್ರ ಛಲೋ ಇತ್ತ ನೋಡ್ರಿ ವೈನಿ. ಅದರ ಬಾಯಾಗ ಇಟ್ಟ ಬಡದ್ರ ತಾನ ದುಂಡಗ ಏಳತೈತಿ,” ಎಂದ ಈರಣ್ಣ.

“ಒರಳ ಎಲ್ಲಿ ಐತೋ ಈರಪ್ಪಾ. ನೆಲದಾಗ ಹುಗದದ್ದ, ಅಲ್ಲೇ ಉಳೀತು. ಬೊಗಸಿ ಜ್ವಾಳ ಹಾಕಿ, ಮುಚ್ಚಿ, ಮ್ಯಾಲ ಕಲ್ಲ ಇಟ್ಟ ಬಂದೀನಿ.”

ಹಾಗೆ ಮಾಡುವುದು ನಮ್ಮ ಮನೆತನದ ಹೆಂಗಸರ ಪದ್ಧತಿ. ಬಿಟ್ಟು ಹೋಗುವ ಮನೆಯ ಒರಳನ್ನು ಬರಿದಾಗಿ ಬಿಡಬಾರದು. ಬಿಟ್ಟರೆ ಹೊಸ ಮನೆಯಲ್ಲಿ ಹಸಿವು ಹಿಂದೆ ಬರುತ್ತದಂತೆ. ಆ ಜೋಳ ಈಗ ಹೊಳೆಯ ಕೆಳಗಿತ್ತು. ಆಮೇಲೆ ಈರಣ್ಣ ಒಂದು ಜಾಲಿಯ ಕೊರಡಿನಲ್ಲಿ ಕುಳಿ ತೋಡಿ, ಅದರ ಮೇಲೆ ಗಂಗಾಳ ಇಟ್ಟು ಬಡಿಯತೊಡಗಿದ. ಒಂದೊಂದು ಪೆಟ್ಟಿಗೂ ದೊಡ್ಡವ್ವ ತನ್ನ ಬೆನ್ನಿಗೇ ಬಿದ್ದಂತೆ ಮುಖ ಕಿವುಚುತ್ತಿದ್ದಳು. ಒಳಗೆ ಹೋಗು ಎಂದರೆ ಹೋಗಲಿಲ್ಲ.

ಗುಬ್ಬಿ ಎದ್ದಿತು. ಒಂದು ಕಡೆ ತುಸು ಸೊಟ್ಟಗೆ ಎದ್ದಿತು. ಮಲಗಿ ಎದ್ದ ಕೂಸಿನ ತಲೆಯ ಹಾಗೆ. ನಡುವೆ ತೂತು ಮಾಡಿ, ದಾರ ಪೋಣಿಸಿ, ಹಳೆಯ ತಾಳಕ್ಕೆ ಕೂಡಿಸಿ ಹೊಡೆದರು. ಹಳೆಯದು ಹಾಡಿತು, ಹೊಸದು ಕೆಮ್ಮಿತು.

ಈರಣ್ಣ ಧೃತಿಗೆಡಲಿಲ್ಲ. “ನೀರ ಕುಡಸಬೇಕ. ಕಾಸಿ ನೀರಿಗೆ ಹಾಕಿದ್ರ ಬಿರಸ ಆಗತೈತಿ, ಬಿರಸ ಆದ್ರ ನಾದ ಬರತೈತಿ.” ಅವನು ಜೀವಮಾನವೆಲ್ಲ ಕುಡಗೋಲುಗಳಿಗೆ ಮಾಡುತ್ತ ಬಂದದ್ದು ಇದೇ: ಕೆಂಪಗೆ ಕಾಸಿ ನೀರಿಗೆ ಅದ್ದಿದರೆ ಕಬ್ಬಿಣ ಗಡಸಾಗುತ್ತದೆ. ಸಂಶಯಪಡಲು ಯಾರಿಗೂ ಕಾರಣವಿರಲಿಲ್ಲ. ಕುಲುಮೆಯ ಮುಂದೆ ಹೋಗಿ ಕಾಸಿದೆವು, ಬಕೆಟ್ಟಿಗೆ ಹಾಕಿದೆವು. ಚುಸ್ ಎಂದಿತು. ಎತ್ತಿ ಕೂಡಿಸಿ ಹೊಡೆದರೆ ಕೆಮ್ಮು ಕೂಡ ನಿಂತುಹೋಗಿತ್ತು. ರೊಟ್ಟಿ ಬಡಿದ ಹಾಗೆ, ದಪ್ ಎಂದು ಒಂದು ಸದ್ದು. ಬೆರಳಿನಿಂದ ಒತ್ತಿದರೆ ಅಂಚು ಬಾಗುತ್ತಿತ್ತು. ಈರಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಕಾಸಿದ್ರ ಮೆತ್ತಗಾತಲ್ಲೋ ಇದು.” ಇನ್ನೊಮ್ಮೆ ಕಾಸಿದ. ಇನ್ನಷ್ಟು ಮೆತ್ತಗಾಯಿತು. ಸಿಟ್ಟು ಬಂದು, ಹಾಳಾಗಿ ಹೋಗಲಿ ಎಂದು ಅಡಿಗಲ್ಲಿನ ಮೇಲಿಟ್ಟು ಸುತ್ತಲೂ ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತ ಹೋದ. ತಟ್ಟುತ್ತ ತಟ್ಟುತ್ತ ಅದು ಮತ್ತೆ ಬಿರುಸಾಯಿತು, ದನಿಯೂ ಬಂತು. ಕೆಮ್ಮಲ್ಲ, ಸರಿಯಾದ ದನಿ.

ಕಬ್ಬಿಣಕ್ಕೆ ಗಡಸು ತರುವ ಬೆಂಕಿ ನೀರು ಹಿತ್ತಾಳೆಯನ್ನು ಮೆದುವಾಗಿಸುತ್ತವೆ, ಬರಿಯ ಪೆಟ್ಟು ಅದನ್ನು ಗಡಸು ಮಾಡುತ್ತದೆ. ಈರಣ್ಣ ಅಂದಿನಿಂದ ಲೋಹ ಅಂದರೆ ಲೋಹ ಎಂಬ ಮಾತು ಬಿಟ್ಟ. ನಾನು ಇದನ್ನು ಮನುಷ್ಯರಿಗೂ ಅನ್ವಯಿಸಿ ನೋಡಲು ಹೊರಟು, ನಮ್ಮ ಮನೆಯಲ್ಲಿ ಯಾರು ಕಬ್ಬಿಣ, ಯಾರು ಹಿತ್ತಾಳೆ ಎಂದು ಲೆಕ್ಕ ಹಾಕಿ, ದೊಡ್ಡಪ್ಪನ ಹತ್ತಿರ ಬಂದಾಗ ಗೊಂದಲವಾಗಿ ಬಿಟ್ಟುಬಿಟ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡಪ್ಪ ಎರಡನ್ನೂ ಕೈಗೆ ತೆಗೆದುಕೊಂಡ. ಕಣ್ಣು ಮುಚ್ಚಿ ಒಮ್ಮೆ ಹೊಡೆದ. ನಾದ ಎದ್ದಿತು, ಸುತ್ತಿತು, ಕರಗಿತು. ಅವನು ಕಣ್ಣು ತೆರೆಯಲಿಲ್ಲ. ಇನ್ನೊಮ್ಮೆ ಹೊಡೆದ.

“ಮಗಳ, ಹೌದೋ ಅಲ್ಲೋ?”

ನಾನು ಕಿವಿ ಕೊಟ್ಟೆ. ಹಳೆಯ ಜೋಡಿ ಹೇಗಿತ್ತು ಎಂದು ನೆನೆಯಲು ನೋಡಿದೆ. ನೆನಪಿಗೆ ಬಂದದ್ದು ಹಳೆಯ ಗುಡಿ, ಅದರ ಮಣ್ಣಿನ ಮಾಳಿಗೆ, ಹೊಗೆ ಹಿಡಿದ ಕಲ್ಲುಗೋಡೆ, ಭಂಡಾರದ ಘಾಟಿಗೆ ಬರುತ್ತಿದ್ದ ಸೀನು. ನಾದ ಮಾತ್ರ ಬರಲೊಲ್ಲದು. “ಹೌದು ಅನಸ್ತೈತಿ,” ಎಂದೆ. ಮತ್ತೆ ಹೊಡೆದ. “ಅಲ್ಲ ಅಂತೂ ಅನಸ್ತೈತಿ,” ಎಂದೆ.

“ಇಕಿನ್ನ ಜಮಖಂಡಿ ಕೋರ್ಟಿನ್ಯಾಗ ಕೂಡಸಬೇಕಿತ್ತು,” ಎಂದಳು ದೊಡ್ಡವ್ವ. “ಇಬ್ರನ್ನೂ ಮನಿಗಿ ಕಳಸ್ತಿದ್ಲು.”

“ಅದಲ್ಲ ಇದು,” ಎಂದ ದೊಡ್ಡಪ್ಪ ಕೊನೆಗೆ. ಸಿಟ್ಟಿನಿಂದಲ್ಲ, ಪರವೂರಿನಲ್ಲಿ ತನ್ನವನೆಂದು ಹಿಂದಿನಿಂದ ಕೂಗಿದಾಗ ತಿರುಗಿದ ಮುಖ ಬೇರೆಯವನದಾಗಿದ್ದರೆ ಆಗುವ ಪೆಚ್ಚುತನದಿಂದ. ಎರಡನ್ನೂ ಒಂದೇ ದಾರಕ್ಕೆ ಕಟ್ಟಿ ಗೂಟಕ್ಕೆ ನೇತು ಹಾಕಿದ. ದೊಡ್ಡವ್ವ ಸ್ಟೀಲಿನ ತಾಟಿನಲ್ಲಿ ಅವನಿಗೆ ಊಟಕ್ಕೆ ನೀಡಿದಳು. ಅವನು ಅದರಲ್ಲೇ ಉಂಡ. ಗಂಗಾಳವೂ ಹೋಯಿತು, ಹಾಡೂ ಬರಲಿಲ್ಲ. ನಾನು ಬನಹಟ್ಟಿಯ ಬಸ್ಸು ಹತ್ತಿದೆ.

ಮುಂದಿನ ಬೇಸಿಗೆಗೆ ನಾನು ಮತ್ತೆ ಬಂದಾಗ ಹಿನ್ನೀರು ಇಳಿದಿತ್ತು. ಇಳಿದರೆ ಹಳೆಯ ಊರು ಮೇಲೆ ಬರುತ್ತದೆ: ಗೋಡೆಯ ಬುಡ, ಹೊಸ್ತಿಲ ಕಲ್ಲು, ಬಾವಿಯ ಕಟ್ಟೆ, ಎಲ್ಲದರ ಮೇಲೆ ಒಣಗಿ ಬಿರುಕುಬಿಟ್ಟ ಹೂಳು. ಜನ ತಮ್ಮ ತಮ್ಮ ಮನೆ ನೋಡಲು ಹೋಗುತ್ತಾರೆ. ಗೋಡೆಯಿಲ್ಲದ ಮನೆಗೂ ಬಾಗಿಲಿದ್ದ ಜಾಗದಿಂದಲೇ ಒಳಗೆ ಹೋಗುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವು ಮೂವರೂ ಹಾಗೆಯೇ ಹೋದೆವು. ದೊಡ್ಡವ್ವ ಹೊಸ್ತಿಲು ದಾಟುವಾಗ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಒರಳಿನ ಹತ್ತಿರ ನಡೆದಳು. ಅವಳು ಇಟ್ಟಿದ್ದ ಕಲ್ಲು ಇಟ್ಟಲ್ಲೇ ಇತ್ತು. ಕಲ್ಲನ್ನು ದೊಡ್ಡಪ್ಪ ಸರಿಸಿದ, ಹೂಳನ್ನು ಅವಳು ಕೈಯಿಂದ ಬಳಿದಳು. ಕೆಳಗೆ ಕಪ್ಪು ಹಸಿರಾದ ಒಂದು ದುಂಡನೆಯ ಮುಚ್ಚಳ, ಒರಳಿನ ಬಾಯಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು. ನಡುವೆ ಗುಬ್ಬಿ. ಗುಬ್ಬಿಯ ನಡುವೆ ತೂತು.

ದೊಡ್ಡಪ್ಪ ಅದನ್ನು ಎತ್ತಿ, ಧೋತರದ ಚುಂಗಿನಿಂದ ಒರೆಸಿದ. ಒರಳಿನಲ್ಲಿ ಜೋಳವಿರಲಿಲ್ಲ, ಕರಿಯ ಕೆಸರಿತ್ತು.

“ಆವತ್ತ ಟ್ರ್ಯಾಕ್ಟರಿನಾಂವ ಒಂದ ಸವನ ಹಾರ್ನ್ ಹೊಡ್ಯಾಕತ್ತಿದ್ದ,” ಎಂದಳು ದೊಡ್ಡವ್ವ. “ಕೈಗೆ ಸಿಕ್ಕದ್ದ ಮುಚ್ಚೀನಿ. ಕಣ್ಣ ತುಂಬ ನೀರ ಇತ್ತು. ತಾಳ ಯಾವದು, ಮುಚ್ಚಳ ಯಾವದು, ಏನ ಕಾಣತೈತಿ?”

“ಕಳ್ಳನ್ನ ಬಗಲಾಗ ಇಟಗೊಂಡ ಊರೆಲ್ಲಾ ಹುಡಿಕೀನಿ,” ಎಂದ ದೊಡ್ಡಪ್ಪ.

“ನಂದೂ ಗಂಗಾಳ ಹೋತಲ್ಲ.”

“ದಂಡ ತೆತ್ತಿ.”

ಆಗ ಅವಳು ನಕ್ಕಳು. ಅವನೂ ನಕ್ಕ. ಗೋಡೆಯಿಲ್ಲದ ಮನೆಯಲ್ಲಿ ಇಬ್ಬರೂ ಒರಳಿನ ಎರಡು ಬದಿಗೆ ಕೂತು ನಗುತ್ತಿದ್ದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಬಾವಿ ನೋಡಿಬರುತ್ತೇನೆಂದು ಎದ್ದೆ. ನಾವು ಹೊರಡುವ ಮೊದಲು ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹೊಸ ಜೋಳವನ್ನು ಆ ಕೆಸರಿನ ಮೇಲೆ ಹಾಕಿದಳು. ಕಟ್ಟಿಕೊಂಡೇ ಬಂದಿದ್ದಳು. ಈ ಸಲ ಮುಚ್ಚಲು ಚಪ್ಪಟೆ ಕಲ್ಲು ಹುಡುಕಿದಳು. ಅದನ್ನು ಎರಡು ಸಲ ತಿರುಗಿಸಿ ನೋಡಿ ಇಟ್ಟಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಕಳೆದುಹೋದ ಜೋಡಿ ಕೂಡಿತು, ಇನ್ನು ಹಾಡು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಹೊಸ ದಾರ ಪೋಣಿಸಿ, ದೊಡ್ಡಪ್ಪ ಚಪ್ಪರದ ಕೆಳಗೆ ಕೂತು ಹಳೆಯದಕ್ಕೆ ಹಳೆಯದನ್ನು ಕೂಡಿಸಿ ಹೊಡೆದ. ಕಣ್ಣು ಮುಚ್ಚಿದ. ಮತ್ತೆ ಹೊಡೆದ. ಕಣ್ಣು ತೆರೆದು ನನ್ನ ಕಡೆ ನೋಡಿದ. ಅವನ ಮುಖದಲ್ಲಿದ್ದ ಗಾಬರಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಮಗಳ, ಇದೂ ಅಲ್ಲ.”

ಈರಣ್ಣನನ್ನು ಕರೆಸಿದರು. ನೀರಿನಲ್ಲಿದ್ದು ಸೀತ ಹಿಡಿದಿದೆ ಎಂದ ಅವನು. ಗುಡಿಯಲ್ಲಿ ಹೊಡೆದು ನೋಡೋಣ ಎಂದು ಹೋದೆವು. ಹೊಸ ಗುಡಿಯ ತಗಡು ನಾದವನ್ನು ನುಂಗುವ ಬದಲು ನಾಲ್ಕು ಪಟ್ಟು ಮಾಡಿ ತಿರುಗಿ ಎಸೆಯಿತು. ಹಳೆಯ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳೂ ತಾಳದಲ್ಲಿ ಒಂದು ಪಾಲು ಹಾಡುತ್ತಿದ್ದವೋ ಏನೋ ಎಂದು ನಾನು ಹೇಳಿದೆ. ಕಿವಿಗೆ ವಯಸ್ಸಾಗಿದೆ ಎಂದು ದೊಡ್ಡವ್ವ ಹೇಳಿದಳು. ದೊಡ್ಡಪ್ಪ ಮೂರೂ ತಾಳಗಳನ್ನು ಮುಂದೆ ಹಾಕಿಕೊಂಡು, ಇದಕ್ಕೆ ಅದು, ಅದಕ್ಕೆ ಇದು ಎಂದು ಕೂಡಿಸಿ ಕೂಡಿಸಿ ನೋಡಿದ. ಸ್ವಲ್ಪ ಹೊತ್ತಿಗೆ ಯಾವುದು ಯಾವುದೆಂದು ನಮಗೆ ಯಾರಿಗೂ ತಿಳಿಯದಾಯಿತು. ಹಿಂದೆ ತಿರುಗಿಸಿ ‘ಗೌರವ್ವ’ ಎಂಬ ಚುಕ್ಕಿಗಳನ್ನು ಹುಡುಕಿ ಗಂಗಾಳದ್ದನ್ನು ಗುರುತಿಸಬೇಕಾಯಿತು. ಪೆಟ್ಟಿಗೆ ಮೊದಲಕ್ಷರ ಅಳಿಸಿತ್ತು, ಉಳಿದವು ಇದ್ದವು.

ಆಮೇಲೆ ಅವನು ಎರಡನ್ನು ಗೂಟಕ್ಕೆ ಹಾಕಿದ. ಹೊಳೆಯಿಂದ ಬಂದದ್ದನ್ನು ದೊಡ್ಡವ್ವ ಒಳಗೆ ಒಯ್ದಳು. ಮುಚ್ಚಳವಾಗಿ ನೀರಿನ ಕೆಳಗಿದ್ದು ಬಂದ ವಸ್ತು, ಮುಚ್ಚಳವಾಗಿಯೇ ಇರಲಿ ಎಂದು ಹಾಲಿನ ಗಡಿಗೆಯ ಮೇಲೆ ಮುಚ್ಚಿದಳು.

ಮರುದಿನ ಮುಂಜಾನೆ ನಾನು ಒಲೆಯ ಮುಂದೆ ಕೂತಿದ್ದೆ. ದೊಡ್ಡವ್ವ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಹಾಲು ಕಾಯುತ್ತಿತ್ತು. ಬಿಸಿ ಏರಿದ ಹಾಗೆ ಆವಿ ತಾಳವನ್ನು ಒಂದಿಷ್ಟು ಎತ್ತಿ ಬಿಡತೊಡಗಿತು. ಗಿಣ್. ಸ್ವಲ್ಪ ತಡೆದು ಗಿಣ್. ಆಮೇಲೆ ಗಿಣ್ ಗಿಣ್. ಮಣ್ಣಿನ ಗಡಿಗೆಯ ಬಾಯಿಗೆ ತಾಗಿ ಅದು ಯಾರೋ ದೂರದಲ್ಲಿ, ಆತುರವಿಲ್ಲದೆ, ಬೆರಳ ತುದಿಯಲ್ಲಿ ಹೊಡೆದಂತೆ ಕೇಳುತ್ತಿತ್ತು. ಹೊರಗೆ ಚಪ್ಪರದ ಕೆಳಗೆ ದೊಡ್ಡಪ್ಪ ಹಗ್ಗ ಹೊಸೆಯುತ್ತಿದ್ದ. ಅವನು ಗಂಟಲು ಸರಿ ಮಾಡಿಕೊಂಡದ್ದು ಕೇಳಿಸಿತು. ಆಮೇಲೆ ಒಂದು ನುಡಿ ಎತ್ತಿದ, ಗುಣುಗುಣು ಎಂದು, ಗಡಿಗೆಯ ತಾಳಕ್ಕೆ ಸರಿಯಾಗಿ. ತಾನು ಹಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ.

ಹಾಲು ಉಕ್ಕಿ ಬಂತು. ನಾನು ಗಡಿಗೆ ಇಳಿಸಲು ಕೈ ಚಾಚಿದೆ. ದೊಡ್ಡವ್ವ ಹಿಟ್ಟಿನ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದಳು. ಒಂದು ಹನಿ ಹಾಲು ಚೆಲ್ಲಿದರೆ ಮೂರು ದಿನ ಆಡಿಕೊಳ್ಳುವ ಹೆಂಗಸು ಅವಳು. ಹಾಲು ತಾಳವನ್ನು ಎತ್ತಿ, ಗಡಿಗೆಯ ಮೈಮೇಲೆ ಇಳಿದು, ಒಲೆಯಲ್ಲಿ ಚುರುಗುಟ್ಟಿತು. ಹೊರಗಿನ ನುಡಿ ಮುಗಿಯುವವರೆಗೂ ಅವಳು ನನ್ನ ಕೈ ಬಿಡಲಿಲ್ಲ.

ಆ ಅಮಾವಾಸ್ಯೆಗೆ ದೊಡ್ಡಪ್ಪ ಹೊಸ ಗುಡಿಯಲ್ಲಿ ಹಾಡಿದ. ಗೂಟಕ್ಕಿದ್ದ ಜೋಡಿಯನ್ನೇ ತೆಗೆದುಕೊಂಡು ಹೋಗಿದ್ದ: ಹಳೆಯದೊಂದು, ಗಂಗಾಳದ್ದೊಂದು. ಈರಣ್ಣ ಡೊಳ್ಳಿಗೆ ಕೈ ಹಾಕಿದ. ನಾನು ಹೆಂಗಸರ ಸಾಲಿನಲ್ಲಿ ದೊಡ್ಡವ್ವನ ಪಕ್ಕಕ್ಕೆ ಕೂತಿದ್ದೆ. ನಾದ ಹೌದೋ ಅಲ್ಲವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ದೊಡ್ಡಪ್ಪ ತಾಳವೆತ್ತಿ ಮೊದಲ ಪೆಟ್ಟು ಹೊಡೆಯುವ ಮೊದಲೇ ದೊಡ್ಡವ್ವ ತನ್ನ ಆಚೆ ಕೂತಿದ್ದ ಮುದುಕಿಯ ಮೊಣಕೈ ತಿವಿದು ಹೇಳಿದಳು:

“ಬಲಗೈಯಾಗಿಂದು ನೋಡ ಬೇ. ಅದು ನಂದು.”